ಸಂಸದರ ಕಚೇರಿಯಲ್ಲೂ ಕೆಲಸ ಕಲಿಸಿ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗಳು ಬಿ.ಕಾಂ. ಮುಗಿಸಿ ಶಿರಸಿಯ ಮನೆಯಲ್ಲಿದ್ದಾಳೆ. ಎಲ್ಲಿ ಹೋದರೂ ‘ಅನುಭವ ಇದೆಯಾ?’ ಎಂದು ಕೇಳುತ್ತಾರೆ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು, ಅಲ್ವಾ?

ನಮ್ಮ ಸಂಸದರ ಕಚೇರಿಯಲ್ಲಿ ಇಬ್ಬರು ಪದವೀಧರರನ್ನು ಒಂದು ವರ್ಷ ಆಡಳಿತದ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲಿ. ಉತ್ತರ ಕನ್ನಡ ಕ್ಷೇತ್ರ ದೊಡ್ಡದು. ಭಟ್ಕಳದಿಂದ ಬೆಳಗಾವಿ ಜಿಲ್ಲೆಯ ಕಿತ್ತೂರು, ಖಾನಾಪುರದವರೆಗೆ 8 ವಿಧಾನಸಭಾ ಕ್ಷೇತ್ರಗಳು. ಚಿಕಿತ್ಸೆಗೆ ಪ್ರಧಾನಮಂತ್ರಿ ಪರಿಹಾರ ನಿಧಿಯ ನೆರವು ಕೇಳುವವರು, ರೈಲು ನಿಲುಗಡೆ ಬೇಕೆನ್ನುವವರು, ಅರಣ್ಯ ಜಾಗದ ತಕರಾರಿನವರು, ಎಲ್ಲರ ಕೈಯಲ್ಲೂ ಒಂದು ಅರ್ಜಿ. ಅದನ್ನು ಟಪಾಲು ವಹಿಯಲ್ಲಿ ದಾಖಲಿಸಬೇಕು, ಸರಿಯಾದ ಇಲಾಖೆಗೆ ಪತ್ರ ಬರೆಯಬೇಕು, ಉತ್ತರ ಬಾರದಿದ್ದರೆ ಮತ್ತೆ ನೆನಪಿಸಬೇಕು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಶಿಫಾರಸು ಮಾಡುತ್ತಾರೆ, ಕೆಲಸ ಮಾಡಿಸುವುದು ಜಿಲ್ಲಾಡಳಿತ. ಈ ಕಡತ ಹೇಗೆ ಸಾಗುತ್ತದೆ ಎಂದು ಕಣ್ಣಾರೆ ಕಂಡವರು ಮರೆಯುವುದಿಲ್ಲ. ನಾನೂ ಗುಮಾಸ್ತನಾಗಿದ್ದವನು. ಒಳ್ಳೆಯ ಪತ್ರ ಬರೆಯುವುದನ್ನು ಕಾಲೇಜಿನಲ್ಲಲ್ಲ, ಹಿರಿಯ ಸಹೋದ್ಯೋಗಿಯ ಮೇಜಿನ ಪಕ್ಕ ಕೂತು ಕಲಿತೆ.

ಆದರೆ ಸುಮ್ನೆ ದುಡಿಸಿಕೊಳ್ಳುವುದು ಬೇಡ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಕಲಿಯುವವರಿಗೆ ಸ್ಟೈಪೆಂಡ್ ಕೊಡಬೇಕೆಂದಿದೆ. ಇಲ್ಲೂ ಹಾಗೆಯೇ ಆಗಲಿ. ಜೋಯಿಡಾದ ಹಳ್ಳಿಯ ಹುಡುಗಿ ಊರು ಬಿಟ್ಟು ಬಂದು ಇರಬೇಕಾದರೆ ರೂಮಿನ ಬಾಡಿಗೆಯೇ ಜಾಸ್ತಿ. ಆಯ್ಕೆಯೂ ಪರಿಚಯದ ಮೇಲೆ ಬೇಡ, ಜಿಲ್ಲೆಯ ಪದವಿ ಕಾಲೇಜುಗಳ ಮೂಲಕ ಅರ್ಜಿ ಕರೆಯಲಿ.

– ನಿವೃತ್ತ ಗುಮಾಸ್ತ, ಶಿರಸಿ