ಅಕ್ಕನನ್ನು ಕೇಳದೆ ಸಹಿ ಹಾಕಬೇಡ

ಪುಟ್ಟಾ,

ಚಿಕ್ಕಪ್ಪನ ಜೊತೆಗಿನ ಆಸ್ತಿ ಜಗಳಕ್ಕೆ ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ರಾಜಿ ಪತ್ರದ ಕರಡು ಓದಿದೆ. ಎರಡು ಸಲ ಓದಿದೆ, ಎರಡನೇ ಸಲ ಕನ್ನಡಕ ಒರೆಸಿಕೊಂಡು. "ಮಾವ, ಹೇಗೋ ಸಹಿ ಹಾಕಿ ಮುಗಿಸಿಬಿಡ್ತೀನಿ, ಈ ರಗಳೆ ಸಾಕಾಗಿದೆ" ಅಂದೆಯಲ್ಲ, ಆ ಮಾತಿಗೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ಸುಮ್ನೆ ಹೂಂಗುಟ್ಟುತ್ತಾ ಅನ್ನಕ್ಕೆ ನೀರಿಡುತ್ತಿರುತ್ತೀಯ.

ನೀನಿರುವ ಗ್ಲಾಸ್ಗೋದಿಂದ ರೈಲು ಹತ್ತಿದರೆ ಸಮುದ್ರದ ಹತ್ತಿರ ಇರ್ವಿನ್ ಅಂತ ಒಂದು ಊರು ಸಿಗುತ್ತದೆ. ಅಲ್ಲೂ ಹೀಗೇ ಒಂದು ರಾಜಿ ಆಗಿತ್ತು, 1297ರಲ್ಲಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು, ಬೇರೆ ಉದಾಹರಣೆ ಹೊಳೆಯುವುದಿಲ್ಲ, ಸಹಿಸಿಕೋ.

ಅದರ ಹಿಂದಿನ ವರ್ಷ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡನ್ನು ಗೆದ್ದ. ಅಲ್ಲಿನ ರಾಜ ಜಾನ್ ಬೇಲಿಯಲ್‌ನನ್ನು ಕೆಳಗಿಳಿಸಿದ. ಜಮೀನುದಾರರು, ಪಾದ್ರಿಗಳು, ಪೇಟೆಯವರು ಎಲ್ಲರಿಂದಲೂ ನಿಷ್ಠೆಯ ಪತ್ರ ಬರೆಸಿಕೊಂಡು ಮೊಹರು ಒತ್ತಿಸಿಕೊಂಡ. 1500ಕ್ಕೂ ಜಾಸ್ತಿ ಹೆಸರುಗಳು. ಅಷ್ಟೊಂದು ಮೊಹರು ಕಣ್ಣ ಮುಂದಿದ್ದರೆ ಯಾರಿಗಾದರೂ ಇನ್ನು ಚಿಂತೆಯಿಲ್ಲ ಅನ್ನಿಸುತ್ತದೆ ಅಲ್ವಾ? ಒಂದು ವರ್ಷವೂ ನಿಲ್ಲಲಿಲ್ಲ ಅದು. 1297ರ ಮೇ ತಿಂಗಳಲ್ಲಿ ವಿಲಿಯಂ ವಾಲೇಸ್ ಅನ್ನುವ ಸ್ಕಾಟ್ ಬಂಡಾಯಗಾರ ಲಾನಾರ್ಕ್ ಊರಿನ ಇಂಗ್ಲಿಷ್ ಶೆರೀಫನನ್ನು, ಅಂದರೆ ಅಲ್ಲಿದ್ದ ದೊರೆಯ ಅಧಿಕಾರಿಯನ್ನು, ಕೊಂದ. ಇತ್ತ ದೊಡ್ಡ ಮನೆತನದವರೂ ತಿರುಗಿಬಿದ್ದರು: ನಿಮ್ಮ ಗ್ಲಾಸ್ಗೋದ ಬಿಷಪ್ ರಾಬರ್ಟ್ ವಿಶಾರ್ಟ್, ಜೇಮ್ಸ್ ಸ್ಟೂವರ್ಟ್, ವಿಲಿಯಂ ಡಗ್ಲಸ್, ಮತ್ತೆ 22 ವರ್ಷದ ಹುಡುಗ ರಾಬರ್ಟ್ ಬ್ರೂಸ್. ಎಡ್ವರ್ಡ್ ಫ್ರಾನ್ಸಿನ ಮೇಲಿನ ಯುದ್ಧಕ್ಕೆ ತಮ್ಮನ್ನೂ ಸಮುದ್ರದಾಚೆ ಎಳೆದೊಯ್ಯುತ್ತಾನೆ ಅನ್ನುವ ಭಯ ಅವರಿಗೆ ಬಲವಾಗಿತ್ತು.

ಇಂಗ್ಲಿಷ್ ಸೈನ್ಯ ಇರ್ವಿನ್ ಹತ್ತಿರ ಬಂದು ನಿಂತಿತು. ನಮ್ಮವರಿಗೆ (ನೋಡು, ನಾನಾಗಲೇ ಒಂದು ಪಕ್ಷ ಸೇರಿಬಿಟ್ಟೆ) ತಮ್ಮಲ್ಲೇ ಜಗಳ. ಯಾರು ಮುಂದೆ ನಿಲ್ಲಬೇಕು, ಯಾರ ಮಾತು ನಡೆಯಬೇಕು ಅಂತ. ರಿಚರ್ಡ್ ಲಂಡೀ ಅನ್ನುವ ಸರದಾರ ಇದನ್ನು ನೋಡಿ ಬೇಸತ್ತು, ಒಗ್ಗಟ್ಟಿಲ್ಲದವರ ಜೊತೆ ನಾನಿರುವುದಿಲ್ಲ ಅಂತ ಎದುರು ಪಾಳೆಯಕ್ಕೇ ನಡೆದುಬಿಟ್ಟ. ಕೊನೆಗೆ ಜುಲೈಯಲ್ಲಿ ಕತ್ತಿ ಎತ್ತದೇ ರಾಜಿ. ತಪ್ಪಾಯಿತು ಅಂತ ಒಪ್ಪಿಕೊಂಡರು, ದೊರೆ ಹೇಳಿದ ಹಾಗೆ ಕೇಳುತ್ತೇವೆ ಅಂದರು.

ಈ ರಾಜಿಯಲ್ಲಿ ಒಂದು ಷರತ್ತಿತ್ತು. ಬ್ರೂಸ್ ಮೇಲೆ ನಂಬಿಕೆ ಸಾಲದ್ದಕ್ಕೆ ಅವನ ಮಗಳು ಮಾರ್ಜರಿಯನ್ನು ಒತ್ತೆಯಾಗಿ ಕೊಡಬೇಕು. ಅವಳಿನ್ನೂ ಕೂಸು, ತಾಯಿ ಇಲ್ಲದ ಕೂಸು. ಅವಳನ್ನು ತಂದೊಪ್ಪಿಸುವ ತನಕ ಬಿಷಪ್, ಸ್ಟೂವರ್ಟ್, ಅಲೆಕ್ಸಾಂಡರ್ ಲಿಂಡ್ಸೆ ಈ ಮೂವರು ಬ್ರೂಸ್‌ಗೆ ಜಾಮೀನು. ಬ್ರೂಸ್ ಕೊಡಲೇ ಇಲ್ಲ. ಯಾವ ಅಪ್ಪ ಕೊಡುತ್ತಾನೆ ಹೇಳು. ನನಗೆ ಅವನ ಮೇಲೆ ಸಿಟ್ಟಿಲ್ಲ, ಕೊಡಲಾಗದ್ದನ್ನು ಕೊಡುತ್ತೇನೆ ಅಂತ ಒಪ್ಪಿದ್ದಕ್ಕೆ ಮಾತ್ರ ಸಿಟ್ಟು. ಜಾಮೀನು ನಿಂತ ಬಿಷಪ್ಪನೋ, ತಾನೇ ಹೋಗಿ ರಾಕ್ಸ್‌ಬರ್ಗ್ ಕೋಟೆಯಲ್ಲಿ ಸೆರೆಯಾದ. (ಜಾಮೀನಿನ ಸಂಕಟ ನನಗೂ ಗೊತ್ತು. ಸ್ನೇಹಿತನೊಬ್ಬನ ಸಾಲಕ್ಕೆ ಸಹಿ ಹಾಕಿ ನಾಲ್ಕು ವರ್ಷ ನನ್ನ ಸಂಬಳದಲ್ಲಿ ಕಂತು ಮುರಿಸಿಕೊಂಡಿದ್ದೇನೆ. ನಿನ್ನ ಅತ್ತೆ ಈಗಲೂ ನೆನಪಿಸುತ್ತಾಳೆ, ಸಾಮಾನ್ಯವಾಗಿ ಊಟದ ಹೊತ್ತಿಗೆ.)

ಆದರೆ ರಾಜಿ ಮುರಿದದ್ದು ಬರೀ ಒತ್ತೆಯ ವಿಷಯಕ್ಕಲ್ಲ. ಇಷ್ಟೆಲ್ಲ ಮಾತುಕತೆ ನಡೆಯುವಾಗ ವಾಲೇಸ್ ಅಲ್ಲಿರಲಿಲ್ಲ. ನಿಜವಾಗಿ ಹೊಡೆದಾಡುತ್ತಿದ್ದವನು ಅವನು, ಅವನನ್ನು ಯಾರೂ ಕೇಳಲಿಲ್ಲ. ಇವರು ಷರತ್ತುಗಳನ್ನು ಎಳೆದಾಡುತ್ತಾ ಕೂತಷ್ಟೂ ದಿನ ಅವನು ಸೆಲ್ಕಿರ್ಕ್ ಕಾಡಿನಲ್ಲಿ ಜನ ಸೇರಿಸುತ್ತಿದ್ದ. ಬಿಷಪ್ ಹೀಗೆ ಶರಣಾದ ಅಂತ ತಿಳಿದು ಕೋಪದಿಂದ ಅವನ ಮನೆಗೇ ನುಗ್ಗಿ ಸಾಮಾನು, ಆಯುಧ, ಕುದುರೆ ಹೊತ್ತೊಯ್ದ ಅಂತ ಆ ಕಾಲದ ಇಂಗ್ಲಿಷ್ ಪಾದ್ರಿಯೊಬ್ಬ ಬರೆದಿದ್ದಾನೆ. ಹೊರಗಿಟ್ಟವನ ಸಿಟ್ಟು ಮೊದಲು ತಿರುಗುವುದು ಸ್ವಂತದವರ ಮೇಲೇ ನೋಡು.

ಎರಡು ತಿಂಗಳೂ ಸರಿಯಾಗಿ ತುಂಬಿರಬೇಕೋ ಏನೋ, ಸೆಪ್ಟೆಂಬರ್ 11ಕ್ಕೆ ಸ್ಟರ್ಲಿಂಗ್ ಸೇತುವೆ ಹತ್ತಿರ ವಾಲೇಸ್ ಮತ್ತು ಆಂಡ್ರ್ಯೂ ಮರ್ರಿ ಇಂಗ್ಲಿಷ್ ಸೈನ್ಯವನ್ನು ಮಣ್ಣುಮುಕ್ಕಿಸಿದರು. ಅದು ಇಬ್ಬರೇ ಸವಾರರು ಜೊತೆಯಾಗಿ ದಾಟಬಹುದಾದ ಮರದ ಸೇತುವೆ. ಆ ಲಂಡೀ ಈಗ ಇಂಗ್ಲಿಷರ ಕಡೆ ಇದ್ದನಲ್ಲ, ಹತ್ತಿರದಲ್ಲೇ ಹೊಳೆ ದಾಟುವ ಜಾಗ ನನಗೆ ಗೊತ್ತು, ಅಲ್ಲಿ ಅರವತ್ತು ಜನ ಒಟ್ಟಿಗೆ ದಾಟಬಹುದು, ಸ್ವಲ್ಪ ಕುದುರೆ ಪಡೆ ಕೊಡಿ ಅಂದ. ಖಜಾನೆ ನೋಡಿಕೊಳ್ಳುತ್ತಿದ್ದ ಕ್ರೆಸಿಂಗ್‌ಹ್ಯಾಮ್ ಬೇಡ ಅಂದ, ತಡಮಾಡಿದಷ್ಟೂ ದೊರೆಯ ದುಡ್ಡು ದಂಡ ಅಂತ. ಅವನೂ ನಿನ್ನ ಹಾಗೇ, ಬೇಗ ಮುಗಿಸಬೇಕು ಅನ್ನುವವನು. ಆ ದಿನವೇ ಸತ್ತ. ಇರ್ವಿನ್‌ನಲ್ಲಿ ಶರಣಾಗಿದ್ದ ಸ್ಟೂವರ್ಟ್ ಅವತ್ತು ಬೆಳಗ್ಗೆ ಇಂಗ್ಲಿಷರ ಪರವಾಗಿ ಸಂಧಾನಕ್ಕೆ ನಿಂತಿದ್ದವನು, ಅವರು ಸೋತು ಓಡುವಾಗ ಹಿಂದಿನಿಂದ ಬಿದ್ದು ಹೊಡೆದ.

ಬಿಷಪ್ಪನ ಕಥೆ ಇನ್ನೊಂದಿದೆ, ನೀನು ಮೊನ್ನೆ ಕತೀಡ್ರಲ್ ಫೋಟೋ ಕಳಿಸಿದಾಗಲೇ ಹೇಳಬೇಕು ಅಂದುಕೊಂಡಿದ್ದೆ. ಆಮೇಲೆ ಅವನು ಮತ್ತೆ ಮತ್ತೆ ಆಣೆ ಇಟ್ಟ, ಮತ್ತೆ ಮತ್ತೆ ಮುರಿದ. ಅದೇ ಕತೀಡ್ರಲ್ಲಿನ ಗಂಟೆ ಗೋಪುರದ ರಿಪೇರಿಗೆ ಅಂತ ಪಡೆದ ಮರವನ್ನು ಇಂಗ್ಲಿಷ್ ಕೋಟೆ ಒಡೆಯುವ ಯಂತ್ರಕ್ಕೆ ಬಳಸಿದ ಅಂತ ಇಂಗ್ಲಿಷರು ಅವನ ಮೇಲೆ ದೂರು ಹೊರಿಸಿದರು. ಕೊನೆಗೆ 1306ರಿಂದ 1314ರವರೆಗೆ ಅವರ ಸೆರೆಯಲ್ಲಿದ್ದ. ಮಾರ್ಜರಿಯೂ ಅದೇ 1306ರಲ್ಲಿ ಸಿಕ್ಕಿಬಿದ್ದಳು, ಎಂಟು ವರ್ಷ ಸೆರೆ. ಕೂಸಾಗಿದ್ದಾಗ ತಪ್ಪಿದ್ದು ಹತ್ತು ವರ್ಷದ ಹುಡುಗಿಯಾದಾಗ ತಪ್ಪಲಿಲ್ಲ. ಬಿಡುಗಡೆಯಾದ ಮೇಲೆ ಅವಳು ಮದುವೆಯಾದದ್ದು ಯಾರನ್ನು ಗೊತ್ತಾ? ಅವಳಪ್ಪನಿಗೆ ಜಾಮೀನು ನಿಂತಿದ್ದ ಆ ಸ್ಟೂವರ್ಟನ ಮಗನನ್ನು.

ಈಗ ನಿನ್ನ ಕರಡಿನ ಏಳನೇ ಷರತ್ತು ನೋಡು. "ಎರಡನೇ ಪಾರ್ಟಿಯವರ ಸಹೋದರಿಯಿಂದ ಮುಂದೆ ಯಾವುದೇ ತಕರಾರು ಬಂದಲ್ಲಿ ಎರಡನೇ ಪಾರ್ಟಿಯವರೇ ಸ್ವಂತ ಖರ್ಚಿನಿಂದ ಪರಿಹರಿಸಿಕೊಡತಕ್ಕದ್ದು." ಎರಡನೇ ಪಾರ್ಟಿ ನೀನು ಕಣೋ. ಅಕ್ಕನ ಪರವಾಗಿ ನೀನು ಜಾಮೀನು, ಅಕ್ಕನಿಗೆ ಈ ಪೇಪರಿನ ಸುದ್ದಿಯೇ ಗೊತ್ತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಕಾನೂನು ತಿದ್ದಿದ್ದಾರೆ. ಅವಳು ನಾಳೆ ಕೇಳಿದರೆ ಚಿಕ್ಕಪ್ಪ ಈ ಹಾಳೆ ತೋರಿಸಿ ನಿನ್ನ ಕಡೆ ಬೆರಳು ಮಾಡುತ್ತಾನೆ. ಅವಳು ಕೇಳುವುದಿಲ್ಲ ಅಂತ ನೀನು ಹೇಳಬೇಡ, ಅವಳೇ ಹೇಳಲಿ. ಬಾವಿಯ ದಾರಿಯ ವಿಷಯ "ಮುಂದೆ ಮಾತಾಡಿ ಬಗೆಹರಿಸಿಕೊಳ್ಳುವುದು" ಅಂತ ಬಿಟ್ಟಿದ್ದಾರಲ್ಲ, ಅದೂ ನನಗೆ ಹಿಡಿಸಲಿಲ್ಲ, ಜಗಳ ಶುರುವಾದದ್ದೇ ಅದರಿಂದ.

ಶನಿವಾರ ಅವಳಿಗೆ ರಜೆ. ನೀನೇ ಫೋನ್ ಮಾಡು, ಮೆಸೇಜ್ ಹಾಕಿ ಕೈ ತೊಳೆದುಕೊಳ್ಳಬೇಡ. ಪಹಣಿಯ ಜೆರಾಕ್ಸ್ ನನ್ನ ಹತ್ತಿರ ಇದೆ, ಸ್ಕ್ಯಾನ್ ಮಾಡಿಸಿ ಇಬ್ಬರಿಗೂ ಕಳಿಸುತ್ತೇನೆ. ಚಿಕ್ಕಪ್ಪನಿಗೆ ಹದಿನೈದು ದಿನ ತಡೆಯಲು ನಾನು ಹೇಳುತ್ತೇನೆ, ಬೈದರೆ ನನ್ನನ್ನೇ ಬೈಯಲಿ.

ನಿನ್ನ ಮಾವ