ಶಾಲಾ ಬಸ್‌ಗೆ ಡ್ರೈವರ್ ಯಾಕೆ ಸಿಗುತ್ತಿಲ್ಲ? ಕೋಲಾರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಖಾಸಗಿ ಶಾಲೆಯಲ್ಲಿ ಬಸ್‌ಗಳ ಜವಾಬ್ದಾರಿ ನನ್ನದು. ಯಾವ ಬಸ್ ಯಾವ ಊರಿಗೆ ಹೋಗಬೇಕು, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಯಾವಾಗ ಮುಗಿಯುತ್ತದೆ, ಡೀಸೆಲ್ ಎಷ್ಟು ಹಾಕಿಸಬೇಕು, ಬೆಳಿಗ್ಗೆ ಡ್ರೈವರ್ ಬರದಿದ್ದರೆ ಯಾರನ್ನು ಕರೆಯಬೇಕು, ಇದೆಲ್ಲ ನೋಡಿಕೊಳ್ಳುತ್ತೇನೆ. ಈಗೀಗ ಕೊನೆಯ ಕೆಲಸವೇ ಜಾಸ್ತಿ ಆಗಿದೆ. ಮುಳಬಾಗಿಲು, ಬಂಗಾರಪೇಟೆ, ಮಾಲೂರು ಕಡೆ ಇದೇ ಕೆಲಸ ಮಾಡುವವರನ್ನು ಕೇಳಿದರೂ ಅದೇ ಮಾತು. ಬಸ್ ಇದೆ, ಮಕ್ಕಳಿದ್ದಾರೆ, ಡ್ರೈವರ್ ಇಲ್ಲ.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ತಾವು ಅಧ್ಯಕ್ಷರು. ಆರ್‌ಟಿಒ, ಪೊಲೀಸ್, ಶಿಕ್ಷಣ ಇಲಾಖೆ, ಕಾರ್ಮಿಕ ಇಲಾಖೆ ಎಲ್ಲರನ್ನೂ ಒಟ್ಟಿಗೆ ಕೂರಿಸಲು ಈ ಜಿಲ್ಲೆಯಲ್ಲಿ ತಮ್ಮಿಂದ ಮಾತ್ರ ಆಗುತ್ತದೆ. ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಗಾಡಿ ಓಡಿಸಬಲ್ಲವರಿಗೆ ಬರವಿಲ್ಲ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಲೋಡ್ ಹೊತ್ತ ಲಾರಿಗಳು ಉತ್ತರ ಭಾರತದ ತನಕ ಹೋಗುತ್ತವೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಪಾಳಿ ಪಾಳಿಗೂ ಸ್ಟಾಫ್ ಬಸ್‌ಗಳು ಓಡುತ್ತವೆ. ದೇವನಹಳ್ಳಿ ವಿಮಾನ ನಿಲ್ದಾಣದ ಕ್ಯಾಬ್‌ಗಳಲ್ಲಿ ನಮ್ಮ ಹುಡುಗರು ಎಷ್ಟೋ ಜನ ಇದ್ದಾರೆ. ಇವರೆಲ್ಲ ಇದೇ ಮಣ್ಣಿನವರು. ಶಾಲೆಯ ಬಸ್‌ಗೆ ಮಾತ್ರ ಬರುವುದಿಲ್ಲ, ಬಂದವರು ಉಳಿಯುವುದಿಲ್ಲ. ಯಾಕೆ ಅಂದರೆ ಆ ಕೆಲಸದ ಸಂಬಳದಲ್ಲಿ ಒಂದು ಸಂಸಾರ ನಡೆಯುವುದಿಲ್ಲ. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಮಿಕ್ಕಿದ್ದೆಲ್ಲ ಇದರ ವಿವರ.

ಡ್ರೈವರ್‌ನ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ರಾಯಲ್ಪಾಡು ಕಡೆಯ ಟ್ರಿಪ್ ಆದರೆ ಅವರು ಬೆಳಿಗ್ಗೆ ಆರಕ್ಕೆಲ್ಲ ಬಸ್ ಹತ್ತಿರ ಇರಬೇಕು. ಟಯರ್, ಬ್ರೇಕ್, ಡೀಸೆಲ್ ನೋಡಿಕೊಂಡು ಹೊರಡಬೇಕು. ಊರೂರು ಸುತ್ತಿ ಮಕ್ಕಳನ್ನು ಹತ್ತಿಸಿಕೊಂಡು ಒಂಬತ್ತು ದಾಟುವುದರೊಳಗೆ ಶಾಲೆಗೆ ಬಿಡಬೇಕು. ಮತ್ತೆ ಮೂರೂವರೆಗೆ ಸಿದ್ಧವಾಗಬೇಕು. ಕೊನೆಯ ಮಗುವನ್ನು ಇಳಿಸಿ ಬಸ್ ತಂದು ನಿಲ್ಲಿಸುವಷ್ಟರಲ್ಲಿ ಸಂಜೆ ಆರು. ಮನೆ ಬಿಟ್ಟು ಹನ್ನೆರಡು ಗಂಟೆ. ಆದರೆ ಸಂಬಳ ನಿಗದಿ ಮಾಡುವಾಗ ಲೆಕ್ಕಕ್ಕೆ ಹಿಡಿಯುವುದು ಸ್ಟೇರಿಂಗ್ ಮುಂದೆ ಕೂತ ಹೊತ್ತನ್ನು ಮಾತ್ರ. ನಡುವಿನ ಹೊತ್ತು ಅವರದು ಅನ್ನುತ್ತಾರೆ. ಆ ಹೊತ್ತಿನಲ್ಲಿ ಅವರು ಏನು ಮಾಡಬೇಕು? ಬೇರೆ ಬಾಡಿಗೆಗೆ ಹೋದರೆ ಮಧ್ಯಾಹ್ನ ತಿರುಗಿ ಬರಲು ಆಗುತ್ತದೋ ಇಲ್ಲವೋ ಅಂತ ಭಯ. ಶಾಲೆಯ ಬಸ್ಸನ್ನಂತೂ ಬಾಡಿಗೆಗೆ ಓಡಿಸುವ ಹಾಗಿಲ್ಲ. ಅದು ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ ಮಾತ್ರ ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ, ಅದು ಸರಿಯಾಗಿಯೇ ಇದೆ. ಹಾಗಾಗಿ ಬಸ್ ನಿಂತಿರುತ್ತದೆ, ಅವರೂ ಅಲ್ಲೇ ಕೂತಿರುತ್ತಾರೆ. "ಗಾರೆ ಕೆಲಸಕ್ಕೆ ಹೋದ್ರೂ ಇದಕ್ಕಿಂತ ಜಾಸ್ತಿ ಸಿಗುತ್ತೆ ಸಾರ್" ಅಂತ ಹೇಳಿ ಬಿಟ್ಟುಹೋದವರಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚುತ್ತದೆ, ತೆರೆಯುವುದು ಮೇ ಕೊನೆಗೆ. ಈ ಅವಧಿಗೆ ಸಂಬಳ ಕೊಡದ, ಇಲ್ಲವೇ ಅರ್ಧ ಕೊಡುವ ಶಾಲೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ನಮ್ಮ ತಾಲ್ಲೂಕಿನಲ್ಲಿ ಇದರ ಪರಿಣಾಮ ಬೇರೆ ಕಡೆಗಿಂತ ಜೋರು, ಯಾಕೆಂದರೆ ಇದು ಮಾವಿನ ತಾಲ್ಲೂಕು. ಮೇ ತಿಂಗಳಲ್ಲಿ ಕಾಯಿ ಕೀಳುವುದು ಶುರುವಾದರೆ ಜುಲೈವರೆಗೂ ಮಂಡಿಗಳಲ್ಲಿ ಬಿಡುವಿಲ್ಲ. ಚಿತ್ತೂರು, ಕೃಷ್ಣಗಿರಿ ಕಡೆಯ ತಿರುಳಿನ ಫ್ಯಾಕ್ಟರಿಗಳಿಗೆ ಲೋಡ್ ಮೇಲೆ ಲೋಡ್. ಸಂಬಳವಿಲ್ಲದೆ ಮನೆಯಲ್ಲಿರುವ ಡ್ರೈವರ್ ಮೇ ತಿಂಗಳಲ್ಲಿ ಮಾವಿನ ಗಾಡಿ ಹತ್ತುತ್ತಾರೆ. ದಿನದ ಬಾಟಾ, ಅಂದರೆ ಭತ್ಯೆ, ಕೈಗೆ ಬರುತ್ತದೆ. ಜೂನ್ ಬಂದು ನಾವು ಫೋನ್ ಮಾಡಿದಾಗ ಸೀಸನ್ ನಡುಮಧ್ಯದಲ್ಲಿರುತ್ತದೆ. ಅವರು ಅದನ್ನು ಬಿಟ್ಟು ಯಾಕೆ ಬರಬೇಕು? ಜುಲೈ ಮುಗಿಯುವ ಹೊತ್ತಿಗೆ ಲಾರಿ ಮಾಲೀಕರ ಜೊತೆ ಒಳ್ಳೆಯ ಸಂಬಂಧ ಆಗಿರುತ್ತದೆ, ಟೊಮೆಟೊ ಲೋಡ್ ಕೂಡ ಸಿಗುತ್ತದೆ. ಒಂದೂವರೆ ತಿಂಗಳ ಸಂಬಳ ಉಳಿಸಲು ಹೋಗಿ ಶಾಲೆ ಒಬ್ಬ ಪಳಗಿದ ಡ್ರೈವರನ್ನು ಕಳೆದುಕೊಳ್ಳುತ್ತದೆ.

ಪಳಗಿದವರು ಅಂದೆ. ಶಾಲಾ ಬಸ್‌ಗೆ ಅಂಥವರೇ ಬೇಕು, ಅದರಲ್ಲಿ ರಾಜಿ ಬೇಡ. 1997ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿದ್ದು 28 ಮಕ್ಕಳು ಸತ್ತರು. ಮರುತಿಂಗಳೇ ಸುಪ್ರೀಂ ಕೋರ್ಟ್ ಶಾಲಾ ಬಸ್‌ಗಳಿಗೆ ಸೂಚನೆಗಳನ್ನು ಕೊಟ್ಟಿತು. ಡ್ರೈವರ್‌ಗೆ ಭಾರಿ ವಾಹನ ಓಡಿಸಿದ ಕನಿಷ್ಠ 5 ವರ್ಷದ ಅನುಭವ ಇರಬೇಕು ಅನ್ನುವುದು ಅದರಲ್ಲಿ ಒಂದು. ನಮ್ಮ ರಾಜ್ಯವೂ 2012ರಲ್ಲಿ ಶಾಲಾ ವಾಹನಗಳಿಗೇ ಪ್ರತ್ಯೇಕ ನಿಯಮ ಮಾಡಿತು. ಈಗ ಒಬ್ಬ ಹುಡುಗನ ಲೆಕ್ಕ ಹಾಕಿ ನೋಡಿ. ಮೊದಲು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ತೆಗೆದು ಒಂದು ವರ್ಷ ಕಾಯಬೇಕು. ವಯಸ್ಸು 20 ಆಗದೆ ಹೆವಿ ಲೈಸೆನ್ಸ್ ಇಲ್ಲ. ಡ್ರೈವಿಂಗ್ ಸ್ಕೂಲ್‌ನ ಸರ್ಟಿಫಿಕೇಟ್ ಬೇಕು, ವೈದ್ಯಕೀಯ ಪರೀಕ್ಷೆ ಬೇಕು, ಬ್ಯಾಡ್ಜ್ ಬೇಕು. ಆಮೇಲೆ 5 ವರ್ಷದ ಅನುಭವ. ಅಂದರೆ 25 ವರ್ಷಕ್ಕೆ ಮೊದಲು ಅವನು ಶಾಲಾ ಬಸ್ ಹತ್ತುವ ಹಾಗಿಲ್ಲ. ಅಷ್ಟು ಹೊತ್ತಿಗೆ ಅವನಿಗೆ ಮದುವೆ, ಮನೆ, ಸಾಲ. ಕೆಎಸ್‌ಆರ್‌ಟಿಸಿ, ಕಂಪನಿ ಬಸ್, ಲಾರಿ, ಎಲ್ಲರಿಗೂ ಬೇಕಾದವನು ಅವನೇ. ಎಲ್ಲರಿಗಿಂತ ಕಡಿಮೆ ಕೊಡುವುದು ಶಾಲೆ. ಅವನು ಎಲ್ಲಿಗೆ ಹೋಗುತ್ತಾನೆ ಅಂತ ಕೇಳಬೇಕೇ?

ಮೊದಲೆಲ್ಲ ಲಾರಿಗೆ ಕ್ಲೀನರ್ ಆಗಿ ಸೇರಿದ ಹುಡುಗರು ಡ್ರೈವರ್ ಪಕ್ಕ ಕೂತು ಕೂತೇ ದೊಡ್ಡ ಗಾಡಿ ಕಲಿಯುತ್ತಿದ್ದರು. ಈಗ ಕ್ಲೀನರ್ ಇಲ್ಲದೆ ಹೋಗುವ ಲಾರಿಗಳೇ ಜಾಸ್ತಿ. 2019ರಲ್ಲಿ ಕೇಂದ್ರ ಸರ್ಕಾರ ಸಾರಿಗೆ ವಾಹನದ ಲೈಸೆನ್ಸ್‌ಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ಷರತ್ತನ್ನು ತೆಗೆದುಹಾಕಿತು. ಓದಿನ ಅಡ್ಡಿ ಹೋಯಿತು, ಆದರೆ ಹೆವಿ ತರಬೇತಿಗೆ ದುಡ್ಡು ಹಾಕಬೇಕಾದವರು ಬಡವರ ಮಕ್ಕಳೇ ಅಲ್ವಾ?

ಹೀಗಾಗಿ ಇವತ್ತು ಎಷ್ಟೋ ಶಾಲೆಗಳ ಬಸ್ ಓಡಿಸುತ್ತಿರುವುದು ಕೆಎಸ್‌ಆರ್‌ಟಿಸಿಯಿಂದ 60ಕ್ಕೆ ನಿವೃತ್ತರಾದ ಹಿರಿಯರು. ಅವರ ಶಿಸ್ತಿಗೆ ಕೈ ಮುಗಿಯಬೇಕು. ಮಗು ಮನೆಯ ಬಾಗಿಲು ಸೇರುವ ತನಕ ಗೇರ್ ಹಾಕದವರನ್ನು ನಾನು ನೋಡಿದ್ದೇನೆ. ಆದರೆ ಅವರ ಕಣ್ಣು, ಮಂಡಿ, ಬಿಪಿ ಎಷ್ಟು ದಿನ ತಡೆದಾವು?

ಗೌರವದ ಮಾತನ್ನೂ ಹೇಳಲೇಬೇಕು. ಐದು ನಿಮಿಷ ತಡವಾದರೆ ಗಾಡಿ ಓಡಿಸುತ್ತಿರುವವರಿಗೇ ಒಬ್ಬರಾದ ಮೇಲೆ ಒಬ್ಬರು ಪೋಷಕರ ಫೋನ್. ಎತ್ತಿದರೆ ತಪ್ಪು, ಎತ್ತದಿದ್ದರೆ ದೂರು. ಹಿಂದೆ ಮಕ್ಕಳು ಜಗಳ ಆಡಿದರೂ ಡ್ರೈವರ್ ಹೊಣೆ. ಆಯಾ ಇಲ್ಲದ ಬಸ್ಸಾದರೆ ಕೇಳುವುದೇ ಬೇಡ. ಮಕ್ಕಳು ಪ್ರೀತಿಯಿಂದ ಅಣ್ಣ, ಅಂಕಲ್ ಅನ್ನುತ್ತಾರೆ. ಅದೇ ಮಕ್ಕಳ ಮುಂದೆ ದೊಡ್ಡವರು ಅವರನ್ನು ಏಕವಚನದಲ್ಲಿ ಬೈಯುತ್ತಾರೆ. ಕೆಲಸ ಬಿಟ್ಟವರಲ್ಲಿ ಸಂಬಳಕ್ಕಿಂತ ಇದನ್ನೇ ಮೊದಲು ಹೇಳಿದವರೂ ಇದ್ದಾರೆ.

ಡ್ರೈವರ್ ಸಿಗದ ದಿನ ಏನಾಗುತ್ತದೆ ಅನ್ನುವುದು ತಮ್ಮ ಸಮಿತಿಗೆ ಗೊತ್ತಾಗಬೇಕು. ಎರಡು ರೂಟ್ ಸೇರಿಸಿ ಒಂದೇ ಬಸ್‌ನಲ್ಲಿ ತುಂಬುತ್ತಾರೆ. ಇಲ್ಲವೇ ಆ ದಿನದ ಮಟ್ಟಿಗೆ ಬದಲಿಗೆ ಬರುವ ಆಕ್ಟಿಂಗ್ ಡ್ರೈವರ್ ಕರೆಸುತ್ತಾರೆ. ರಾತ್ರಿಯೆಲ್ಲ ಲಾರಿ ಓಡಿಸಿ ಬಂದವರೋ, ಆ ದಾರಿಯನ್ನೇ ನೋಡದವರೋ, ಬೆಳಿಗ್ಗೆ ಆರು ಗಂಟೆಗೆ ವಿಚಾರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅದೂ ಆಗದಿದ್ದರೆ ಮಕ್ಕಳು ಆಟೊ, ಓಮ್ನಿಗಳಲ್ಲಿ ಒಬ್ಬರ ಮೇಲೊಬ್ಬರು ಕೂತು ಬರುತ್ತಾರೆ. ಜೂನ್‌ನಲ್ಲಿ ನಡೆಯುವ ತಪಾಸಣೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಲ್ಲಿ ಬಸ್ಸಿನ ಹಳದಿ ಬಣ್ಣ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ನೋಡುತ್ತಾರೆ. ಅವೆಲ್ಲ ಬೇಕು. ಆದರೆ ಆ ಬಸ್ಸನ್ನು ವರ್ಷಪೂರ್ತಿ ಓಡಿಸುವವರು ಯಾರು, ಅವರನ್ನು ಯಾವ ಷರತ್ತಿನ ಮೇಲೆ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ ಅಂತಲೂ ಕೇಳಬೇಕು.

ನನ್ನ ಮೊದಲ ವಿನಂತಿ ಅದೇ. ತಪಾಸಣೆಯ ದಿನ ಪ್ರತಿ ಬಸ್ಸಿನ ಡ್ರೈವರ್‌ನ ನೇಮಕಾತಿ ಪತ್ರವನ್ನೂ ಕೇಳುವಂತೆ ಮಾಡಿ. ಅದರಲ್ಲಿ ಹನ್ನೆರಡು ತಿಂಗಳ ಸಂಬಳ ಇರಬೇಕು, ಪೂರ್ತಿ ದಿನದ ಕೆಲಸ ಅಂತ ಇರಬೇಕು. ನಡುವಿನ ಹೊತ್ತಿಗೆ ಬಸ್ ರಿಪೇರಿ, ಶಾಲೆಯ ಸಾಮಾನು ತರುವುದು, ಕಚೇರಿ ಕೆಲಸ ಏನಾದರೂ ಒಪ್ಪಿಸಲಿ, ಆದರೆ ಆ ಹೊತ್ತಿಗೂ ಸಂಬಳ ಕೊಡಲಿ. ಪಿಎಫ್, ಇಎಸ್‌ಐ ಅನ್ವಯಿಸುವ ಕಡೆ ಕಟ್ಟಿದ್ದಾರೋ ಇಲ್ಲವೋ ಅಂತ ಕಾರ್ಮಿಕ ಇಲಾಖೆ ವಿಚಾರಿಸಲಿ. ಇದರಿಂದ ಬಸ್ ಫೀಸು ಸ್ವಲ್ಪ ಏರಬಹುದು. ಪೋಷಕರಿಗೆ ಅದನ್ನು ನೇರವಾಗಿ ಹೇಳಲು ನನಗೆ ಸಂಕೋಚವಿಲ್ಲ. ಅವರ ಮಕ್ಕಳ ಜೀವ ಕೈಯಲ್ಲಿಟ್ಟುಕೊಂಡವರಿಗೆ ಕೊಡುವ ದುಡ್ಡು ಅದು.

ಎಲ್ಲ ಸಣ್ಣ ಶಾಲೆಗೂ ಹೆಚ್ಚುವರಿ ಡ್ರೈವರ್ ಇಟ್ಟುಕೊಳ್ಳಲು ಆಗುವುದಿಲ್ಲ, ಅದು ಗೊತ್ತು. ಆದರೆ ಶ್ರೀನಿವಾಸಪುರದಂಥ ಒಂದು ಊರಿನ ಶಾಲೆಗಳೆಲ್ಲ ಸೇರಿ ಕೆಲವರನ್ನು ಖಾಯಂ ಆಗಿ ಇಟ್ಟುಕೊಳ್ಳಬಹುದು. ಯಾವ ಶಾಲೆಯ ಡ್ರೈವರ್ ರಜೆಯೋ ಅಲ್ಲಿಗೆ ಅವರು ಹೋಗುತ್ತಾರೆ. ದಾರಿ ಗೊತ್ತಿರುತ್ತದೆ, ಲೈಸೆನ್ಸ್ ಮೊದಲೇ ನೋಡಿರುತ್ತಾರೆ. ಶಾಲೆಗಳು ಒಂದಕ್ಕೊಂದು ಪೈಪೋಟಿ. ತಾವಾಗಿಯೇ ಸೇರುವುದಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕರೆದರೆ ಸೇರುತ್ತವೆ.

ಹೆವಿ ತರಬೇತಿಯ ಖರ್ಚನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯ ಮೂಲಕ ಭರಿಸಲು ಆಗುತ್ತದೆಯೇ ಅಂತಲೂ ತಾವು ನೋಡಬೇಕು. ಇವತ್ತು ಕಲಿತವರು ಶಾಲಾ ಬಸ್‌ಗೆ ಬರಲು 5 ವರ್ಷ ಬೇಕು. ಹಾಗಾಗಿ ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ಕೊನೆಯದಾಗಿ, ಇದನ್ನೆಲ್ಲ ಮಾತಾಡಲು ಎಲ್ಲ ಇಲಾಖೆಗಳನ್ನು ಕೂರಿಸಿ ಒಂದು ಸಭೆಯನ್ನು ದಯವಿಟ್ಟು ಮಾರ್ಚ್‌ನಲ್ಲಿ ಕರೆಯಿರಿ. ಜೂನ್‌ನಲ್ಲಿ ಕರೆದರೆ ಡ್ರೈವರ್‌ಗಳು ಆಗಲೇ ಮಾವಿನ ಗಾಡಿಗಳಲ್ಲಿರುತ್ತಾರೆ. ಶಾಲಾ ಆಡಳಿತದವರ ಜೊತೆಗೆ ಡ್ರೈವರ್‌ಗಳನ್ನೂ ಕರೆಸಿ, ಅವರ ಮಾತು ಕೇಳಿ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರೊಳಗೆ ಇಟ್ಟರೆ ಯಾರ ಟ್ರಿಪ್ಪೂ ತಪ್ಪುವುದಿಲ್ಲ. ನಮ್ಮ ತಾಲ್ಲೂಕಿನವರನ್ನು ಕರೆತರುವ ಜವಾಬ್ದಾರಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಶಾಲಾ ಸಾರಿಗೆ ಉಸ್ತುವಾರಿ