ಸುಮ್ನೆ ರೊಕ್ಕ ಬೇಡ, ಕೆಲಸ ಕೊಡಿ ಎಂದ ಮಕ್ಕಳಿಗಾಗಿ ಒಂದು ಮನವಿ

ಆತ್ಮೀಯರೇ, ಶರಣು ಶರಣಾರ್ಥಿ.

ವಿಜಯಪುರದ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಈಗ ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿ. ಕಟ್ಟಡಕ್ಕೆ, ಬೋರ್‌ವೆಲ್‌ಗೆ, ಬೆಂಚುಗಳಿಗೆ ಅಂತ ನಿಮ್ಮ ಮನೆ ಬಾಗಿಲಿಗೆ ಹಲವು ಸಲ ಬಂದಿದ್ದೇವೆ. ನೀವು ಒಮ್ಮೆಯೂ ಬರಿಗೈಲಿ ಕಳಿಸಿಲ್ಲ. ಈ ಸಲ ಕೇಳುತ್ತಿರುವುದು ಕಲ್ಲು ಸಿಮೆಂಟಿಗಲ್ಲ. ಮಕ್ಕಳ ಪಗಾರಕ್ಕೆ.

ಒಬ್ಬ ಹುಡುಗನ ಸುದ್ದಿ ಹೇಳುತ್ತೇನೆ. ಹೆಸರು ಬೇಡ. ಬಿಎ ಎರಡನೇ ವರ್ಷದಲ್ಲಿದ್ದ. ಒಂದು ದಿನ ಬೆಳಗ್ಗೆ ಹತ್ತೂವರೆಗೆ, ಕ್ಲಾಸು ನಡೆಯುವ ಹೊತ್ತಿನಲ್ಲಿ, ಓದುವ ಕೋಣೆಯ ಮೂಲೆ ಟೇಬಲ್ ಮೇಲೆ ತಲೆ ಇಟ್ಟು ಮಲಗಿಬಿಟ್ಟಿದ್ದ. ಗದರಿಸಿ ಎಬ್ಬಿಸಬೇಕು ಅಂತಲೇ ಹೋದೆ. ಅವನ ಕೈ ಪುಸ್ತಕದ ಮೇಲೆ ಅಂಗಾತ ಬಿದ್ದಿತ್ತು. ಬೆರಳ ಸಂದಿಯೆಲ್ಲ ಸೋಪಿನ ಪುಡಿ ತಿಂದು ಒಡೆದಿತ್ತು. ಒಂದೆರಡು ಕಡೆ ರಕ್ತ ಒಣಗಿ ಕಪ್ಪಾಗಿತ್ತು. ಕೇಳಿದರೆ ಮೊದಲು ಏನೂ ಹೇಳಲಿಲ್ಲ. ಆಮೇಲೆ ಹೇಳಿದ: ಸೊಲ್ಲಾಪುರ ರಸ್ತೆಯ ಒಂದು ಧಾಬಾದಲ್ಲಿ ರಾತ್ರಿ ಏಳರಿಂದ ಎರಡರವರೆಗೆ ಪಾತ್ರೆ ತೊಳೆಯುತ್ತಿದ್ದ. ಮೆಸ್ಸಿನ ಬಾಕಿ ತೀರಿಸಬೇಕಿತ್ತು.

ಆ ಸೆಮಿಸ್ಟರ್ ಅವನ ಹಾಜರಿ 75 ಪರ್ಸೆಂಟ್ ಮುಟ್ಟಲಿಲ್ಲ. ಪರೀಕ್ಷೆಗೆ ಕೂರಲು ಆಗಲಿಲ್ಲ. ಓದಲಿಕ್ಕೆ ಅಂತ ದುಡಿಯಲು ಹೋದವನಿಗೆ ಆ ದುಡಿಮೆಯಿಂದಲೇ ಓದು ತಪ್ಪಿತು. ಇದನ್ನು ನೋಡಿ ನಾವು ನಾಲ್ಕು ಜನ ಸೇರಿ ಒಂದಿಷ್ಟು ಹಣ ಕೂಡಿಸಿ ಕವರಿನಲ್ಲಿ ಹಾಕಿ ಕೊಟ್ಟೆವು. ಅವನು ಕವರನ್ನು ಕೌಂಟರ್ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. "ಸರ, ಸುಮ್ನ ರೊಕ್ಕ ಬ್ಯಾಡ್ರಿ. ಇಲ್ಲೇ ಏನರ ಕೆಲಸ ಇದ್ರ ಕೊಡ್ರಿ" ಅಂದ.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕೆಲಸ ನಮ್ಮಲ್ಲಿ ಇಲ್ಲವೇ? ಬೇಕಾದಷ್ಟಿತ್ತು! ನಂಬರ್ ಚೀಟಿ ಕಿತ್ತುಹೋದ ಪುಸ್ತಕಗಳು ರಾಶಿ ಬಿದ್ದಿದ್ದವು. ಕೂರಿಸಲು ಜನ ಇಲ್ಲ ಅಂತ ಕಂಪ್ಯೂಟರ್ ಲ್ಯಾಬನ್ನು ಸಂಜೆ ನಾಲ್ಕೂವರೆಗೇ ಬೀಗ ಹಾಕುತ್ತಿದ್ದೆವು. ಇಲ್ಲದ್ದು ಕೊಡಲು ಕೂಲಿ ಮಾತ್ರ.

ನಮ್ಮ ಭಾಗದ ಮಕ್ಕಳ ಕಷ್ಟ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ತಿಕೋಟಾ, ಬಬಲೇಶ್ವರ ಕಡೆಯ ಹುಡುಗರು ಅಕ್ಟೋಬರ್ ಬಂತೆಂದರೆ ದ್ರಾಕ್ಷಿ ಚಾಟ್ನಿಗೆ, ಅಂದರೆ ಬಳ್ಳಿ ಕತ್ತರಿಸುವ ಕೆಲಸಕ್ಕೆ, ಹೋಗುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತಾರೆ. ಹಾಜರಿ ಪುಸ್ತಕ ತೆಗೆದರೆ ಆ ತಿಂಗಳುಗಳಲ್ಲಿ ಖಾಲಿ ಮನೆಗಳೇ ಜಾಸ್ತಿ. ಕೆಲವರ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ಮನೆಯಿಂದ ಬರುವ ಬುತ್ತಿಯೂ ನಿಲ್ಲುತ್ತದೆ. ಸರ್ಕಾರದ ವಿದ್ಯಾರ್ಥಿವೇತನ ಬರುತ್ತದೆ ನಿಜ. ಆದರೆ ಪರೀಕ್ಷಾ ಫೀ ಕಟ್ಟುವ ಕೊನೆಯ ದಿನಕ್ಕೆ ಸರಿಯಾಗಿ ಬಂದು ನಿಲ್ಲಬೇಕಲ್ವಾ?

ಹೆಣ್ಣುಮಕ್ಕಳದು ಇನ್ನೊಂದು ಕಥೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು. ಅದು ಸಣ್ಣ ಉಪಕಾರವಲ್ಲ. ಆದರೂ ಜೆರಾಕ್ಸು, ಪ್ರಾಜೆಕ್ಟ್ ರಿಪೋರ್ಟು, ಮೊಬೈಲ್ ರಿಚಾರ್ಜ್, ಮಧ್ಯಾಹ್ನದ ಊಟ ಇವಕ್ಕೆಲ್ಲ ಮನೆಯಲ್ಲಿ ಕೈಚಾಚಬೇಕು. ಪ್ರತಿ ಸಲ ಕೇಳಿದಾಗಲೂ "ಓದಿದ್ದು ಸಾಕು" ಎನ್ನುವ ಮಾತು ಹತ್ತಿರ ಬರುತ್ತದೆ. ಹುಡುಗಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ ಅಂದರೆ ಮನೆಯವರು ಒಪ್ಪುವುದಿಲ್ಲ. ಕಾಲೇಜಿನೊಳಗೆ, ಲೈಬ್ರರಿಯಲ್ಲಿ, ಹಗಲು ಹೊತ್ತಿನಲ್ಲಿ ಅಂದರೆ ಒಪ್ಪುತ್ತಾರೆ. ಒಬ್ಬಳ ತಂದೆ ತಾವೇ ಬಂದು, ಮಗಳು ಕೂರುವ ಕುರ್ಚಿ ನೋಡಿ, ಅಲ್ಲೇ ಎರಡು ನಿಮಿಷ ಕೂತು ಎದ್ದುಹೋದರು. ಮರುದಿನದಿಂದ ಅವಳು ಕೆಲಸಕ್ಕೆ ಬಂದಳು.

ಹೀಗೆ ನಾವು ಸದ್ದಿಲ್ಲದೆ ಸಣ್ಣದಾಗಿ ಶುರು ಮಾಡಿದೆವು. ಆ ಹುಡುಗಿಯ ಕೆಲಸವನ್ನು ನೀವು ನೋಡಬೇಕಿತ್ತು. ಹಳೆಯ ಚೀಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸುತ್ತಾಳೆ. ಉಗುರಿನಿಂದ ಕೆರೆಯುವುದಿಲ್ಲ, ರಟ್ಟು ಹರಿಯುತ್ತದೆ ಅಂತ. ಹೊಸ ಚೀಟಿಯನ್ನು ಪುಸ್ತಕದ ಬೆನ್ನಿಗೆ ಅಂಟಿಸಿ, ಹೆಬ್ಬೆರಳಿನಿಂದ ಮೂರು ಸಲ ಒತ್ತಿ, ರಿಜಿಸ್ಟರಿನಲ್ಲಿ ಟಿಕ್ ಹಾಕುತ್ತಾಳೆ. ಇಕನಾಮಿಕ್ಸ್ ವಿದ್ಯಾರ್ಥಿನಿ. ಚೀಟಿ ಹಚ್ಚುತ್ತಾ ಹಚ್ಚುತ್ತಾ ತನ್ನ ವಿಷಯದ ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ನನಗಿಂತ ಚೆನ್ನಾಗಿ ತಿಳಿದುಕೊಂಡಳು. ಮೊದಲ ಪಗಾರದಲ್ಲಿ ಅವ್ವನಿಗೆ ಚಪ್ಪಲಿ ಕೊಂಡಳಂತೆ.

ಇದೇನು ನಮ್ಮ ತಲೆಯಿಂದ ಹುಟ್ಟಿದ ವಿಚಾರವಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ವಾರಾನ್ನ ಉಂಡು ಓದಿದವರು. ದಿನಕ್ಕೊಂದು ಮನೆ, ದಿನಕ್ಕೊಂದು ಹೊಸ್ತಿಲು. ಆ ಅನ್ನದ ಋಣ ದೊಡ್ಡದು, ಆದರೆ ಹೊಸ್ತಿಲ ಮುಂದೆ ನಿಲ್ಲುವ ಸಂಕೋಚವೂ ಸಣ್ಣದಲ್ಲ. ಆ ಸಂಕೋಚ ಬಿಡಿಸಿದವರು ಕರ್ಮವೀರ ಭಾವೂರಾವ್ ಪಾಟೀಲರು. ನಮ್ಮ ಬೆಳಗಾವಿಯ ಆಚೆ, ಕೊಲ್ಹಾಪುರದ ಕುಂಭೋಜದಲ್ಲಿ ಹುಟ್ಟಿದವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಸಾತಾರಾದ ಅವರ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಇದ್ದು, ದುಡಿದು ಓದಿದರು. ಅದಕ್ಕೆ ಅವರು ಇಟ್ಟ ಹೆಸರು "ಕಮವಾ ಆಣಿ ಶಿಕಾ", ಅಂದರೆ ಗಳಿಸು, ಕಲಿ. ಆಗ ಸಾತಾರಾ, ವಿಜಯಪುರ ಎರಡೂ ಮುಂಬೈ ಪ್ರಾಂತದಲ್ಲೇ ಇದ್ದವು. ಆ ಗಾಳಿ ನಮ್ಮ ಕಡೆಗೂ ಇನ್ನಷ್ಟು ಬೀಸಬೇಕಿತ್ತು ಅಂತ ನನಗೆ ಅನಿಸುತ್ತದೆ.

ಅಮೆರಿಕದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಇದು ಗೊತ್ತಿರುವ ವಿಷಯ. ಅಲ್ಲಿ 1964ರಲ್ಲೇ ಕಾನೂನು ಮಾಡಿ ಬಡ ವಿದ್ಯಾರ್ಥಿಗಳ ಕ್ಯಾಂಪಸ್ ಕೆಲಸದ ಕೂಲಿಗೆ ಸರ್ಕಾರವೇ ಹಣ ಕೊಡಲು ಶುರು ಮಾಡಿತು. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡುತ್ತಾನೆ, ಬೋಧನಾ ಶುಲ್ಕ ಇಲ್ಲ. ಅಲ್ಲಿಗೆ ಓದಲು ಹೋದ ನಮ್ಮ ಮಕ್ಕಳೂ ಲೈಬ್ರರಿ ಕೌಂಟರಿನಲ್ಲಿ, ಕ್ಯಾಂಟೀನಿನಲ್ಲಿ ನಿಂತು ದುಡಿದವರೇ. ಆ ಮೊದಲ ಪಗಾರ ನೆನಪಿದೆಯಲ್ವಾ? ಅದನ್ನು ನೆನೆದು ಈ ಮನವಿಯನ್ನು ಓದಿ ಅಂತ ಅವರಲ್ಲಿ ನನ್ನ ಕೋರಿಕೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಗಂಟೆಗೆ 75 ರೂಪಾಯಿ, ವಾರಕ್ಕೆ 10 ಗಂಟೆ, ಅಂದರೆ 750 ರೂಪಾಯಿ. ನಾಲ್ಕು ವಾರಕ್ಕೆ 3,000. ಶೈಕ್ಷಣಿಕ ವರ್ಷದ ಹತ್ತು ತಿಂಗಳಿಗೆ ಒಬ್ಬ ವಿದ್ಯಾರ್ಥಿಗೆ 30,000 ರೂಪಾಯಿ. ಬರುವ ವರ್ಷ 24 ಮಕ್ಕಳನ್ನು ತೆಗೆದುಕೊಳ್ಳಬೇಕು ಅಂತಿದ್ದೇವೆ. ಅದಕ್ಕೆ 7,20,000 ರೂಪಾಯಿ ಬೇಕು. ಒಬ್ಬರೇ ಒಂದು ವರ್ಷದ್ದು ಕೊಟ್ಟರೆ ಸಂತೋಷ. ಒಂದು ವಾರದ 750 ಕೊಟ್ಟರೂ ಅಷ್ಟೇ ಸಂತೋಷ, ಯಾಕೆಂದರೆ ಅದು ಒಬ್ಬ ಹುಡುಗನನ್ನು ಒಂದು ವಾರ ಧಾಬಾದಿಂದ ದೂರ ಇಡುತ್ತದೆ.

ಕೆಲಸ ಅಂದರೆ ಯಾವ ಕೆಲಸ ಅಂತ ಕೆಲವರು ಕೇಳಿದ್ದಾರೆ. ಲೈಬ್ರರಿ, ಸಂಜೆಯ ಕಂಪ್ಯೂಟರ್ ಲ್ಯಾಬ್, ಮೊದಲ ವರ್ಷದವರಿಗೆ ಇಂಗ್ಲಿಷ್ ಮತ್ತು ಗಣಿತ ಹೇಳಿಕೊಡುವುದು, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ರೆಕಾರ್ಡ್ ಮಾಡುವುದು, ಅಡ್ಮಿಷನ್ ಸಮಯದಲ್ಲಿ ಹಳ್ಳಿಯಿಂದ ಬಂದವರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವುದು. ಯಾವ ಮೇಷ್ಟ್ರ ಮನೆಗೂ ಯಾರೂ ಕಾಯಿಪಲ್ಲೆ ತಂದುಕೊಡುವುದಿಲ್ಲ, ಯಾರ ಗಾಡಿಯನ್ನೂ ತೊಳೆಯುವುದಿಲ್ಲ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಕ್ಲಾಸಿನ ಹೊತ್ತಿನಲ್ಲಿ ಕೆಲಸ ಇಲ್ಲ. ಪರೀಕ್ಷೆಯ ದಿನಗಳಲ್ಲೂ ಇಲ್ಲ. ಈಗಿರುವ ಸಿಬ್ಬಂದಿಯ ಹೊಟ್ಟೆ ಮೇಲೆ ಹೊಡೆದು ಮಕ್ಕಳಿಗೆ ಕೆಲಸ ಕೊಡುವುದೂ ಇಲ್ಲ. ತಿಂಗಳ 5ನೇ ತಾರೀಖಿನೊಳಗೆ ಪಗಾರ ಅವರ ಬ್ಯಾಂಕ್ ಖಾತೆಗೇ ಹೋಗುತ್ತದೆ. ದಾನಿಗಳ ಎದುರು ನಿಲ್ಲಿಸಿ ಫೋಟೋ ತೆಗೆಸುವುದಿಲ್ಲ, ದಯವಿಟ್ಟು ಅದನ್ನು ಕೇಳಬೇಡಿ. ದುಡಿದು ತೆಗೆದುಕೊಂಡ ಹಣಕ್ಕೆ ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಾಗಿಲ್ಲ.

ಹಣ ಕೊಡಲು ಆಗದವರು ಚೆನ್ನಾಗಿ ನಡೆಯುವ ಹಳೆಯ ಕಂಪ್ಯೂಟರ್, ಸ್ಕ್ಯಾನರ್ ಕೊಡಬಹುದು. ಹಣ ಕೊಡುವವರು ಚೆಕ್ ಅಥವಾ ಯುಪಿಐ ಮೂಲಕ ಕೊಟ್ಟರೆ ಲೆಕ್ಕ ಇಡಲು ನಮಗೆ ಅನುಕೂಲ. ಪ್ರತಿ ತಿಂಗಳ ಜಮಾ ಖರ್ಚನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ, ಯಾರು ಬೇಕಾದರೂ ಬಂದು ನೋಡಬಹುದು.

ಟ್ರಸ್ಟಿನ ಕಚೇರಿ ಸಂಜೆ ಐದಕ್ಕೆ ಮುಚ್ಚುತ್ತದೆ. ಅದಾದ ಮೇಲೆ ಬರುವವರು ನೇರ ಲೈಬ್ರರಿಗೇ ಬನ್ನಿ. ಈಗ ಅದು ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ರಶೀದಿ ಪುಸ್ತಕ ಕೌಂಟರಿನಲ್ಲೇ ಇದೆ. ಅಲ್ಲಿ ಕೂತಿರುವ ಹುಡುಗ ಬರೆದುಕೊಡುತ್ತಾನೆ. ಹಿಂದೆ ತಪ್ಪಿದ ಪರೀಕ್ಷೆಯನ್ನು ಈಗ ಪಾಸು ಮಾಡಿಕೊಂಡಿದ್ದಾನೆ.